ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು ಮಾತ್ರ



ಕೀಲಿ ತಿರುಗಿಸಿದೊಡನೆ ‘ಟಕ್’ ಎಂಬ ಸದ್ದೊಂದು ಕೇಳಿಬಂದು ಕಾರಿನ ಎಂಜಿನ್ ಮಾತ್ರ ನಿಶ್ಚಲವಾಗಿಯೇ ಉಳಿಯುತ್ತದೆಂದು ತಾವು ಬರೆದಿರುವಿರಿ. ಮೆಕ್ಯಾನಿಕನ ಮಾತಿನಂತೆ ಹೊಸ ಸ್ಟಾರ್ಟರ್ ಮೋಟಾರನ್ನು ಕೊಳ್ಳುವುದಕ್ಕೆ ಮುನ್ನ, ಗೇರನ್ನು ನ್ಯೂಟ್ರಲ್ಲಿನಲ್ಲಿರಿಸಿ, ಹೆಡ್‌ಲೈಟ್ ಹೊತ್ತಿಸಿಕೊಂಡು, ಮತ್ತೊಮ್ಮೆ ಕೀಲಿ ತಿರುಗಿಸಿ ನೋಡತಕ್ಕದ್ದು. ದೀಪವು ತೀರ ಮಂಕಾದರೆ ಬ್ಯಾಟರಿಯ ದೌರ್ಬಲ್ಯವನ್ನೋ ಟರ್ಮಿನಲ್ಲುಗಳ ಸಡಿಲಿಕೆಯನ್ನೋ ಮೊದಲು ಶಂಕಿಸಬೇಕು. ಪ್ರಕಾಶ ಕುಂದದಿದ್ದರೆ ದೋಷವು ಮೋಟಾರಿಗೆ ವಿದ್ಯುತ್ ಹಾಯಿಸುವ ಸೊಲೆನಾಯ್ಡ್ ಸ್ವಿಚ್ಚಿನಲ್ಲಿಯೋ ಮೋಟಾರಿನ ಕಾರ್ಬನ್ ಬ್ರಷ್ಷುಗಳಲ್ಲಿಯೋ ಇರುವುದು ಸಂಭವ. ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರುವ ಬ್ಯಾಟರಿಯೇ ಆದರೂ, ಮೋಟಾರು ನೂರಾರು ಆಂಪಿಯರ್ ವಿದ್ಯುತ್ತನ್ನು ಬೇಡುವ ಆ ಕ್ಷಣದಲ್ಲಿ 9.6ಕ್ಕಿಂತ ಕೆಳಗಿಳಿದರೆ ಅದನ್ನು ನಂಬಲಾಗದು.

ಆದರೆ ನಾನು ಕಂಡಂತೆ ಅನೇಕ ವೇಳೆ ಅಪರಾಧಿಯು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲನ್ನು ಎಂಜಿನ್ನಿಗೆ ಜೋಡಿಸುವ ಅರ್ತ್ ತಂತಿಯೇ ಹೊರತು ಬಡಪಾಯಿ ಮೋಟಾರಲ್ಲ. ವೋಲ್ಟ್‌ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ಮತ್ತೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಬರಿಯ ಲೋಹಕ್ಕೂ ಒತ್ತಿಹಿಡಿದಿರುವಾಗ, ಬೇರೊಬ್ಬರು ಕೀಲಿ ತಿರುಗಿಸಲು, 0.2 ವೋಲ್ಟಿಗಿಂತ ಗಣನೀಯವಾಗಿ ಹೆಚ್ಚು ಕಂಡುಬಂದರೆ, ಆ ತಂತಿಯ ಕೊನೆಗಳಲ್ಲಿ ತುಕ್ಕೋ ಬಿಳಿ-ಹಸಿರು ಲವಣವೋ ಕಟ್ಟಿರಬೇಕು, ಇಲ್ಲವೆ ಬೋಲ್ಟು ಸಡಿಲಗೊಂಡಿರಬೇಕು. ನೆಗೆಟಿವ್ ತಂತಿಯನ್ನು ಮೊದಲು ಕಳಚಿ, ಕೊನೆಗಳನ್ನು ಹೊಳೆಯುವಂತೆ ಉಜ್ಜಿ, ಅದನ್ನೇ ಕಡೆಯಲ್ಲಿ ಜೋಡಿಸಿ ಬಿಗಿಯಿರಿ. ಅಲ್ಲಿಯವರೆಗೆ ಹೊಸ ಮೋಟಾರಿಗೆ ಹಣ ತೆರಬೇಡಿರಿ.