ಮರೆಗುಳಿ ಯಂತ್ರಕ್ಕೊಂದು ನೆನಪಿನ ಬಿಲ್ಲೆ

ವಿದ್ಯಾರ್ಥಿಯೊಬ್ಬನು ಕಾಲೇಜಿನ ಕಂಪ್ಯೂಟರಿನ ಮುಂದೆ ಕುಳಿತು ಪರೀಕ್ಷೆಯ ಅರ್ಜಿಯನ್ನು ತುಂಬುತ್ತಿದ್ದಾನೆಂದು ಭಾವಿಸೋಣ. ಮೊದಲನೆಯ ಪುಟದಲ್ಲಿ ಹೆಸರನ್ನೂ ಗುಪ್ತಪದವನ್ನೂ ಬರೆದನು. ಎರಡನೆಯದರಲ್ಲಿ ವಿಷಯಗಳನ್ನು ಆರಿಸಿದನು. ಮೂರನೆಯದರಲ್ಲಿ ಶುಲ್ಕವನ್ನು ತೆತ್ತನು. ಪ್ರತಿಯೊಂದು ಪುಟದಲ್ಲಿಯೂ ಯಂತ್ರವು ಅವನನ್ನು ಗುರುತಿಸಿತು. ಇದರಲ್ಲಿ ಆಶ್ಚರ್ಯವೇನೆಂದು ವಾಚಕರು ಕೇಳಬಹುದು. ಆಶ್ಚರ್ಯವಿದೆ, ಏಕೆಂದರೆ ದೂರದಲ್ಲಿದ್ದು ಆ ಪುಟಗಳನ್ನು ಒದಗಿಸುವ ಸರ್ವರ್ ಎಂಬ ಕಂಪ್ಯೂಟರು ಸ್ವಭಾವತಃ ಮರೆಗುಳಿ.

ಜಿನೀವಾ ನಗರದ ಬಳಿಯ ಸೆರ್ನ್ ಸಂಶೋಧನ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ವೆಬ್ಬಿನ ಕಲ್ಪನೆಯನ್ನು ಮುಂದಿಟ್ಟರು. ಅದರ ಸಂಭಾಷಣೆಯ ನಿಯಮಕ್ಕೆ ಎಚ್‌ಟಿಟಿಪಿ ಎಂದು ಹೆಸರು. ಈ ನಿಯಮದಂತೆ ಕೇಳಿದ ಪುಟವನ್ನು ಕೊಟ್ಟೊಡನೆ ಸರ್ವರಿನ ಕರ್ತವ್ಯ ಮುಗಿಯಿತು. ಮರುಕ್ಷಣವೇ ಅದೇ ವ್ಯಕ್ತಿ ಮತ್ತೊಂದು ಪುಟವನ್ನು ಕೇಳಿದರೂ ಅವನು ಅದಕ್ಕೆ ಅಪರಿಚಿತನೇ. ಕೇವಲ ಲೇಖನಗಳನ್ನು ಓದುವವರಿಗೆ ಇದರಿಂದ ತೊಂದರೆಯಿಲ್ಲ. ಅರ್ಜಿ ತುಂಬುವವನಿಗಾದರೋ ಇಷ್ಟು ಸಾಲದು.

ಅರ್ಜಿಯ ಪ್ರಯಾಣ

ಅರ್ಜಿಯ ಒಂದೊಂದು ಮನೆಗೂ ಒಂದು ಹೆಸರಿರುತ್ತದೆ. ನಾವು ಗುಂಡಿಯನ್ನು ಒತ್ತಿದಾಗ ಮನೆಯ ಹೆಸರೂ ಅದರಲ್ಲಿ ಬರೆದ ಉತ್ತರವೂ ಜೋಡಿಜೋಡಿಯಾಗಿ ಒಂದೇ ಸಾಲಿನಲ್ಲಿ ಪೋಣಿಸಲ್ಪಟ್ಟು ಹೊರಡುತ್ತವೆ. ಸಾಮಾನ್ಯ ಕ್ರಮದಲ್ಲಿ ಪದಗಳ ನಡುವಿನ ತೆರಪು ಕೂಡಿಸುವ ಚಿಹ್ನೆಯಾಗಿ ಮಾರ್ಪಡುತ್ತದೆ. ನಮ್ಮ ಕನ್ನಡದ ‘ಕ’ ಅಕ್ಷರವನ್ನೇ ತೆಗೆದುಕೊಳ್ಳೋಣ. ಯಂತ್ರದೊಳಗೆ ಅದು 224, 178, 149 ಎಂಬ ಮೂರು ಸಂಖ್ಯೆಗಳು. ಪ್ರಯಾಣದಲ್ಲಿ ಒಂದೊಂದು ಸಂಖ್ಯೆಯೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಸಂಕೇತಗಳಾಗಿ, ಒಟ್ಟು ಒಂಬತ್ತು ಗುರುತುಗಳ ವೇಷವನ್ನು ಧರಿಸುತ್ತದೆ. ಅತ್ತ ತಲಪಿದ ಮೇಲೆ ಇದನ್ನೆಲ್ಲ ತಪ್ಪಿಲ್ಲದೆ ಬಿಡಿಸಬೇಕಷ್ಟೆ.

ಈ ಕೆಲಸವನ್ನು ಪ್ರತಿಯೊಬ್ಬ ಪ್ರೋಗ್ರಾಂ ಬರೆಯುವವನೂ ಹೊಸದಾಗಿ ಮಾಡುವುದು ವ್ಯರ್ಥ. ಆದುದರಿಂದಲೇ ಲೈಬ್ರರಿಗಳು ಹುಟ್ಟಿದವು. ಇಲ್ಲಿ ಲೈಬ್ರರಿಯೆಂದರೆ ಪುಸ್ತಕಾಲಯವಲ್ಲ. ಒಬ್ಬರು ಬರೆದು ಪರೀಕ್ಷಿಸಿದುದನ್ನು ಎಲ್ಲರೂ ಬಳಸಬಹುದಾದ ಪ್ರೋಗ್ರಾಂ ಭಾಗಗಳ ಭಂಡಾರ. ಕೇಂಬ್ರಿಜ್ಜಿನಲ್ಲಿ 1949ರಲ್ಲಿ ಕೆಲಸವಾರಂಭಿಸಿದ ಎಡ್‌ಸ್ಯಾಕ್ ಯಂತ್ರದ ಕಾಲದಲ್ಲಿ ಇಂಥ ಭಾಗಗಳನ್ನು ಕಾಗದದ ಪಟ್ಟಿಗಳಲ್ಲಿ ರಂಧ್ರ ಕೊರೆದು ಬೀರುವಿನಲ್ಲಿ ಜೋಡಿಸಿಟ್ಟಿರುತ್ತಿದ್ದರು. ವೆಬ್ಬಿನ ಅರ್ಜಿಗಳಿಗಾಗಿ ಜೀನೋಮ್ ವಿಜ್ಞಾನಿ ಲಿಂಕನ್ ಸ್ಟೈನ್ ಅವರು ಪರ್ಲ್ ಭಾಷೆಯಲ್ಲಿ ರಚಿಸಿದ ‘ಸಿಜಿಐ’ ಲೈಬ್ರರಿ ಬಹು ಪ್ರಸಿದ್ಧವಾಯಿತು. 1997ರಿಂದ ಅದು ಪರ್ಲಿನ ಜೊತೆಯಲ್ಲಿಯೇ ದೊರೆಯುತ್ತಿತ್ತು. ಅದಕ್ಕಿಂತ ಅನುಕೂಲವಾದವು ಬಂದುದರಿಂದ 2015ರಲ್ಲಿ ಅದನ್ನು ಆ ಕಟ್ಟಿನಿಂದ ಕೈಬಿಡಲಾಯಿತು.

ಬಿಲ್ಲೆಯ ಉಪಾಯ

ಇನ್ನು ನೆನಪಿನ ಸಂಗತಿ. ದೇವಸ್ಥಾನದ ಬಾಗಿಲಲ್ಲಿ ಪಾದರಕ್ಷೆಗಳನ್ನು ಒಪ್ಪಿಸಿದಾಗ ಒಂದು ಬಿಲ್ಲೆಯನ್ನು ಕೊಡುವುದನ್ನು ನಾವೆಲ್ಲ ಕಂಡಿದ್ದೇವೆ. ಕಾವಲಿನವನು ನಮ್ಮ ಮುಖವನ್ನು ನೆನಪಿಡುವುದಿಲ್ಲ. ಬಿಲ್ಲೆಯ ಅಂಕೆಯನ್ನು ನೋಡಿ ಆ ಗೂಡಿನಲ್ಲಿರುವುದನ್ನು ತೆಗೆದುಕೊಡುತ್ತಾನೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಅವರು ರೂಪಿಸಿದ ಕುಕಿ ಎಂಬುದು ಇಂಥ ಬಿಲ್ಲೆಯಾಗಬಲ್ಲದು. ಸರ್ವರು ಅದನ್ನು ನಮ್ಮ ಬ್ರೌಸರಿಗೆ ಒಪ್ಪಿಸುತ್ತದೆ. ಬ್ರೌಸರು ಪ್ರತಿಯೊಂದು ಕೋರಿಕೆಯೊಡನೆಯೂ ಅದನ್ನು ಮರಳಿ ತೋರಿಸುತ್ತದೆ. ಸರ್ವರಿನ ಕಡೆ ಆ ಅಂಕೆಯ ಗೂಡಿನಲ್ಲಿ ನಮ್ಮ ವಿವರಗಳಿರುತ್ತವೆ. ಈ ಗೂಡಿಗೇ ಸೆಷನ್ ಎಂದು ಹೆಸರು. ಬಿಲ್ಲೆ ಕೊಡುವುದು, ಗೂಡನ್ನು ಕಾಯುವುದು, ಕಾಲ ಮೀರಿದ ಮೇಲೆ ಅದನ್ನು ತೆರವುಮಾಡುವುದು, ಇವು ಸೆಷನ್ ಲೈಬ್ರರಿಯ ಕೆಲಸಗಳು.

ಅಪಾಯವೆಲ್ಲಿದೆ?

ಬಿಲ್ಲೆ ಯಾರ ಕೈಯಲ್ಲಿದೆಯೋ ಪಾದರಕ್ಷೆ ಅವರದು! ಸೆಷನ್ನಿಗೂ ಇದೇ ನ್ಯಾಯ. ಬಿಲ್ಲೆಯ ಅಂಕೆಗಳನ್ನು 101, 102, 103 ಎಂದು ಕ್ರಮವಾಗಿ ಕೊಟ್ಟರೆ 102ನ್ನು ಪಡೆದವನು 103 ಎಂದು ಹೇಳಿ ಪರರ ಗೂಡಿಗೆ ಕೈ ಹಾಕಬಹುದು. ಆದುದರಿಂದ ಒಳ್ಳೆಯ ಲೈಬ್ರರಿಗಳು ಊಹೆಗೆ ನಿಲುಕದ ಯಾದೃಚ್ಛಿಕ ಅಂಕೆಯನ್ನು ಆರಿಸುತ್ತವೆ. 128 ಬಿಟ್ಟುಗಳ ಅಂಕೆಯಾದರೆ ಸಾಧ್ಯತೆಗಳ ಸಂಖ್ಯೆಯನ್ನು ಬರೆಯಲು 39 ಸ್ಥಾನಗಳು ಬೇಕು. ಸೆಕೆಂಡಿಗೆ ನೂರು ಕೋಟಿ ಊಹೆಗಳಂತೆ ಎಲ್ಲವನ್ನೂ ಪರೀಕ್ಷಿಸಲು ವಿಶ್ವದ ವಯಸ್ಸಾದ ಸುಮಾರು 1380 ಕೋಟಿ ವರ್ಷಗಳೂ ಸಾಲವು. ಗುಪ್ತಪದ ಒಪ್ಪಿಗೆಯಾದೊಡನೆ ಹಳೆಯ ಬಿಲ್ಲೆಯನ್ನು ರದ್ದುಮಾಡಿ ಹೊಸದನ್ನು ಕೊಡುವುದೂ, ದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿಯಲ್ಲಿ ಕಳುಹಿಸುವುದೂ ಇದೇ ಎಚ್ಚರಿಕೆಯ ಅಂಗಗಳು.

ಅರ್ಜಿಯ ವಿಷಯದಲ್ಲಿಯೂ ಎಚ್ಚರ ಬೇಕು. ಲೈಬ್ರರಿಯು ಗಂಟನ್ನು ಬಿಚ್ಚಿಕೊಡುತ್ತದೆಯೇ ಹೊರತು ಒಳಗಿನದು ಸತ್ಯವೆಂದು ಪ್ರಮಾಣ ಮಾಡುವುದಿಲ್ಲ. ಪಿಎಚ್‌ಪಿ ಭಾಷೆಯಲ್ಲಿ ಹಿಂದೆ ಒಂದು ಏರ್ಪಾಡಿತ್ತು: ಅರ್ಜಿಯಲ್ಲಿ ಬಂದ ಪ್ರತಿಯೊಂದು ಹೆಸರೂ ತಾನೇ ತಾನಾಗಿ ಪ್ರೋಗ್ರಾಮಿನೊಳಗಿನ ಹೆಸರಾಗಿಬಿಡುತ್ತಿತ್ತು. ಬರೆಯುವವನಿಗೆ ಸೌಕರ್ಯವೇನೋ ಸರಿ; ಆದರೆ ‘ನಾನೇ ಅಧಿಕಾರಿ’ ಎಂಬ ಕೇಳದ ಮನೆಯೊಂದನ್ನು ಕಪಟಿಯು ತಾನಾಗಿ ಸೇರಿಸಿ ಕಳುಹಿಸಿದರೆ, ಅಜಾಗರೂಕತೆಯಿಂದ ಬರೆದ ಪ್ರೋಗ್ರಾಮು ಅದನ್ನೂ ನಂಬುತ್ತಿತ್ತು. 2002ರಲ್ಲಿ ಆ ಏರ್ಪಾಡನ್ನು ಸಹಜ ಸ್ಥಿತಿಯಲ್ಲಿ ನಿಲ್ಲಿಸಿದರು. 2012ರಲ್ಲಿ ಪೂರ್ಣವಾಗಿ ತೆಗೆದುಹಾಕಿದರು. ಶುಲ್ಕದ ಮೊತ್ತವನ್ನು ಅರ್ಜಿಯಲ್ಲಿಯೇ ಮರೆಮಾಡಿ ಇಟ್ಟು, ಮರಳಿ ಬಂದುದನ್ನು ನಂಬುವುದೂ ಇದೇ ಬಗೆಯ ತಪ್ಪು. ಕಳುಹಿಸುವವನ ಕೈಗೆ ಸಿಕ್ಕಿದುದನ್ನು ಅವನು ತಿದ್ದಬಲ್ಲನು.

ಈಗ ನಮ್ಮ ವಿದ್ಯಾರ್ಥಿಯ ಕಡೆಗೆ ಮರಳೋಣ. ಶುಲ್ಕ ತೆತ್ತು, ಪುಟವನ್ನು ಮಾತ್ರ ಮುಚ್ಚಿ ಅವನು ಎದ್ದು ಹೋದನು. ಬಿಲ್ಲೆಯಾದರೋ ಆ ಕಂಪ್ಯೂಟರಿನಲ್ಲಿಯೇ ಉಳಿಯಿತು. ಮುಂದೆ ಬಂದು ಕುಳಿತವನು ಅದೇ ವಿಳಾಸವನ್ನು ತೆರೆದರೆ ಸರ್ವರಿನ ದೃಷ್ಟಿಯಲ್ಲಿ ಅವನೇ ಇವನು! ವಿಷಯಗಳನ್ನು ಬದಲಿಸುವುದೂ ಅರ್ಜಿಯನ್ನು ಹಿಂತೆಗೆದುಕೊಳ್ಳುವುದೂ ಅವನ ಕೈಯಲ್ಲಿದೆ. ಒಂದು ವರ್ಷದ ವಿದ್ಯೆಯೇ ವ್ಯರ್ಥವಾದೀತು. ‘ಲಾಗ್ ಔಟ್’ ಗುಂಡಿಯನ್ನು ಒತ್ತುವುದೆಂದರೆ ಬಿಲ್ಲೆಯನ್ನು ಮರಳಿಸಿ ಗೂಡನ್ನು ಮುಚ್ಚಿಸುವುದು. ಹಲವರು ಬಳಸುವ ಯಂತ್ರದ ಮುಂದಿನಿಂದ ಏಳುವ ಮೊದಲು ಇದನ್ನು ಮರೆಯದಿರುವುದು ಲೇಸು. ಯಂತ್ರಕ್ಕೆ ನೆನಪನ್ನು ಕೊಟ್ಟವರು ನಾವು. ಅದನ್ನು ಯಾವಾಗ ಅಳಿಸಬೇಕೆಂಬ ನೆನಪು ನಮಗಿರಬೇಕು.