ಬಾನೆಟ್ಟಿನ ಸದ್ದು ಮತ್ತು ಖರ್ಚಿನ ಸರದಿ

ಹಳೆಯ ಕಾರಿನ ಬಾನೆಟ್ಟಿನಿಂದ, ಅಂದರೆ ಎಂಜಿನ್ನನ್ನು ಮುಚ್ಚುವ ಮುಂಭಾಗದ ತಗಡಿನಿಂದ, ಹೊರಡುವ ಗಡಗಡ ಸದ್ದು ಬಹುಮಟ್ಟಿಗೆ ಕೆಲವು ನೂರು ರೂಪಾಯಿಗಳ ರಬ್ಬರಿನಿಂದ ಅಡಗುವಂಥದ್ದೇ ಆದರೂ, ಮೂಲವನ್ನು ಪತ್ತೆ ಮಾಡದೆ ಕೆಲಸಕ್ಕೆ ಕೈಹಾಕಿದಲ್ಲಿ ಡೆಂಟಿಂಗ್ ಮತ್ತು ಪೇಂಟಿಂಗಿನ ಹತ್ತಾರು ಸಾವಿರ ರೂಪಾಯಿಗಳ ಬಿಲ್ಲಾಗಿ ಬೆಳೆಯುತ್ತದೆ. ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ ಉಪ್ಪುಗಾಳಿ ವರ್ಷವಿಡೀ ತಗಡನ್ನು ತಿನ್ನುವುದರಿಂದಲೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಕಾರಿನ ಸಂದುಗೊಂದುಗಳನ್ನು ಒಣಗಲು ಬಿಡದಿರುವುದರಿಂದಲೂ, ಈ ಪತ್ತೆಯ ಕೆಲಸಕ್ಕೆ ಒಳನಾಡಿನಲ್ಲಿರುವುದಕ್ಕಿಂತ ಹೆಚ್ಚಿನ ಬೆಲೆಯಿದೆ. ಹಳೆಯ ಕಾರನ್ನು ಅಕ್ಕರೆಯಿಂದ ಉಳಿಸಿಕೊಂಡ ಕುಟುಂಬ ಬಣ್ಣಕ್ಕೆ ಹಣ ತೆಗೆದಿಡುವ ಮೊದಲು ಪತ್ತೆಗೆ ತೆಗೆದಿಡಬೇಕೆಂಬುದು, ಇದೇ ಕರಾವಳಿಯಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದನ್ನು ಸಾಕುತ್ತ ಬಂದಿರುವ ಈ ಅಂಕಣಕಾರರ ಖಚಿತ ಅಭಿಪ್ರಾಯ.

ಇಟಲಿಯ ವಿನ್ಯಾಸಕಾರ ಜಿಯೊವಾನಿ ಮಿಕೆಲೊಟ್ಟಿ ರೂಪಿಸಿದ, 1959ರಲ್ಲಿ ಬ್ರಿಟನ್ನಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹೊರಬಂದ ಈ ಮಾದರಿಯನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ 1961ರಿಂದ 948 ಸಿಸಿ ಎಂಜಿನ್ನಿನೊಡನೆ ತಯಾರಿಸಿತು. ಇಲ್ಲಿ ಅದು ಸಂಸಾರದ ಕಾರಾಗಿಯೇ ಮಾರಾಟವಾಯಿತಾದರೂ, 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಇದೇ ಹೆರಾಲ್ಡಿನ ಚಾಸಿಯನ್ನು, ಎಂದರೆ ಬಾಡಿಯಿಂದ ಪ್ರತ್ಯೇಕವಾಗಿರುವ ಉಕ್ಕಿನ ಅಡಿಚೌಕಟ್ಟನ್ನು, ಗಿಡ್ಡಗೊಳಿಸಿ ಕಟ್ಟಿದ್ದಾದ್ದರಿಂದ ಎರಡರ ಬಾನೆಟ್ಟಿನ ಕಾಯಿಲೆಗಳೂ ಒಂದೇ ಬಗೆಯವು. ಮಡ್‌ಗಾರ್ಡು, ಹೆಡ್‌ಲೈಟು ಸಹಿತ ಇಡೀ ಮುಂಭಾಗ ಒಂದೇ ತುಂಡಾಗಿ, ಬಂಪರಿನ ಬಳಿಯ ಎರಡು ಕೀಲುಗಳ ಮೇಲೆ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಚ್ಚಿದಾಗ ಅದರ ಹಿಂಬದಿ, ಎಂಜಿನ್ ಕೋಣೆಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯಲ್ಲಿರುವ ರಬ್ಬರ್ ಶಂಕುಗಳ ಮೇಲೆ ಕೂರುತ್ತದೆ. ಎರಡೂ ಪಕ್ಕದ ಕೊಕ್ಕೆಗಳು ಅದನ್ನು ಕೆಳಕ್ಕೆಳೆದು ಹಿಡಿಯುತ್ತವೆ. ಕೀಲು, ಶಂಕು, ಕೊಕ್ಕೆ ಎಂಬ ಮೂರರಲ್ಲಿ ಯಾವುದು ಸಡಿಲಗೊಂಡರೂ ಅಷ್ಟು ದೊಡ್ಡ ತಗಡು ಅದುರುತ್ತದೆ, ಮತ್ತು ಬಹಳ ಸಲ ಸದ್ದು ಕೇಳಿಸುವ ಮೂಲೆ ಒಂದಾದರೆ ಅದು ಹುಟ್ಟುವ ಮೂಲೆ ಇನ್ನೊಂದಾಗಿರುತ್ತದೆ.

ಆದ್ದರಿಂದ ಪತ್ತೆಯನ್ನು ನಿಂತ ಕಾರಿನಿಂದಲೇ ಆರಂಭಿಸುವುದು ಒಳ್ಳೆಯದು. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ನಿನ ವೇಗವನ್ನು ನಿಧಾನವಾಗಿ ಏರಿಸಿದಾಗ ಸದ್ದು ಬಂದರೆ, ಸೈಲೆನ್ಸರ್ ಕೊಳವೆ ಚಾಸಿಗೆ ತಾಗುತ್ತಿರುವುದು, ಹಾರ್ನಿನ ಪಟ್ಟಿ ಸಡಿಲವಾಗಿರುವುದು, ಹೆಡ್‌ಲೈಟಿನ ಸುತ್ತುಬಳೆಯ ಸ್ಕ್ರೂ ಬಿದ್ದುಹೋಗಿರುವುದು ಇಂಥ ಸಣ್ಣ ಕಾರಣಗಳನ್ನು ಹುಡುಕಬೇಕು. ಗುಂಡಿ ಹಾರಿದಾಗ ಮಾತ್ರ ಬಂದರೆ ಬಾನೆಟ್ಟಿನ ಕೂರಿಕೆಯನ್ನೋ ಸಸ್ಪೆನ್ಷನ್ನನ್ನೋ ಶಂಕಿಸಬೇಕು. ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ 66ರ ನಯವಾದ ಭಾಗದಲ್ಲಿ ಅಡಗಿದ್ದ ಸದ್ದು ಊರೊಳಗಿನ ಕೇರಿಗಳ ಒರಟು ದಾರಿಯಲ್ಲಿ ಹೊರಬೀಳುವುದರಿಂದ, ಪರೀಕ್ಷೆಗೆ ಅಂಥದ್ದೊಂದು ತುಂಡು ರಸ್ತೆಯನ್ನು ಗೊತ್ತುಮಾಡಿಕೊಂಡು, ಪ್ರತಿ ಬಾರಿಯೂ ಒಂದೇ ವೇಗದಲ್ಲಿ, ಪ್ರತಿ ಬಾರಿಯೂ ಒಂದೇ ಒಂದು ಬದಲಾವಣೆ ಮಾಡಿ ಓಡಿಸಬೇಕು. ಒಮ್ಮೆಗೇ ನಾಲ್ಕು ಭಾಗಗಳನ್ನು ಬದಲಿಸಿದವರಿಗೆ ಸದ್ದು ನಿಂತರೂ ಯಾವ ಖರ್ಚು ಫಲಿಸಿತು, ಯಾವುದು ವ್ಯರ್ಥವಾಯಿತು ಎಂಬ ಲೆಕ್ಕ ಸಿಗುವುದಿಲ್ಲ.

ಶಂಕುಗಳ ಪರೀಕ್ಷೆಗೆ ಹಳೆಯ ನೋಟ್‌ಬುಕ್ಕಿನ ಹಾಳೆ ಸಾಕು. ಬೆರಳಗಲದ ಪಟ್ಟಿಯನ್ನು ಶಂಕುವಿಗೂ ಅದು ಕೂರುವ ಬಟ್ಟಲಿಗೂ ನಡುವೆ ಇಟ್ಟು, ಬಾನೆಟ್ ಮುಚ್ಚಿ, ಕೊಕ್ಕೆ ಬಿಗಿದು ಎಳೆದಾಗ ಹಾಳೆ ತಡೆಯಿಲ್ಲದೆ ಜಾರಿ ಬಂದರೆ ಆ ಶಂಕು ಭಾರ ಹೊರುತ್ತಿಲ್ಲವೆಂದರ್ಥ. ಅಂಕಣಕಾರರ ಕಾರಿನಲ್ಲಿ ಸದ್ದು ಎಡಗಡೆಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ಎಡಬದಿಯ ಮಡ್‌ಗಾರ್ಡನ್ನು ಬಿಚ್ಚಿ, ತಗಡು ಬಡಿದು, ಇಡೀ ಮುಂಭಾಗಕ್ಕೆ ಬಣ್ಣ ಹೊಡೆಯಬೇಕೆಂಬ ಸಲಹೆಯೂ ಒಂದು ಗ್ಯಾರೇಜಿನಿಂದ ಬಂದಿತ್ತು. ಹಾಳೆಯ ಪಟ್ಟಿ ಎಡಬದಿಯಲ್ಲಿ ಹರಿಯುವಷ್ಟು ಬಿಗಿಯಾಗಿದ್ದು, ಬಲಬದಿಯಲ್ಲಿ ಸಲೀಸಾಗಿ ಹೊರಬಂತು. ಬಲಬದಿಯ ಶಂಕುವಿನ ರಬ್ಬರು ಕಲ್ಲಿನಂತೆ ಗಟ್ಟಿಯಾಗಿ ತುದಿಯಲ್ಲಿ ಬಿರಿದು ಸವೆದಿತ್ತು. ಅದರಿಂದ ಓರೆಯಾದ ಬಾನೆಟ್ಟು ಎಡಗಡೆಯ ಕೊಕ್ಕೆಯನ್ನು ಜಗ್ಗಿ ಅಲ್ಲಿ ಕಟಕಟ ಎನ್ನಿಸುತ್ತಿತ್ತು. ಹೊಸ ಶಂಕು ಕೂರಿಸಿ, ಅದರ ಬುಡದ ನಟ್ಟನ್ನು ತಿರುಗಿಸಿ ಎತ್ತರ ಹೊಂದಿಸಿ, ಕೊನೆಯಲ್ಲಿ ಕೊಕ್ಕೆ ಬಿಗಿದಾಗ ಸದ್ದು ನಿಂತಿತು. ಈ ಅನುಕ್ರಮ ಮುಖ್ಯವಾದದ್ದು, ಏಕೆಂದರೆ ಮೊದಲೇ ಕೊಕ್ಕೆಯನ್ನು ಬಿಗಿದರೆ ಸದ್ದು ಕೆಲಕಾಲ ಅಡಗಿ, ಓರೆಯಾದ ತಗಡು ಮಾತ್ರ ನಿಧಾನವಾಗಿ ಸೀಳುತ್ತದೆ.

ಕರಾವಳಿಯಲ್ಲಿ ಇನ್ನೊಂದು ಕಾರಣವನ್ನು ಕಡೆಗಣಿಸುವಂತಿಲ್ಲ. ಮುಂಗೀಲುಗಳನ್ನು ಹಿಡಿದಿರುವ ಪೆಟ್ಟಿಗೆಯಾಕಾರದ ತಗಡಿನೊಳಗೆ ಕೆಸರು ಮತ್ತು ತೇವ ನಿಂತು, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ತುಕ್ಕು ಹರಡಿರುತ್ತದೆ. ಬಾನೆಟ್ಟನ್ನು ಅರ್ಧ ಎತ್ತಿ ಪಕ್ಕಕ್ಕೆ ಅಲುಗಿಸಿದಾಗ ಕೀಲಿನ ಬಳಿ ಅದು ಓಲಾಡಿದರೆ, ಬೋಲ್ಟಿನ ರಂಧ್ರ ಸವೆದು ಅಗಲವಾಗಿದೆಯೋ ತಗಡೇ ಕರಗಿದೆಯೋ ನೋಡಬೇಕು. ತಗಡು ಕರಗಿದ್ದರೆ ಅಲ್ಲಿ ಪುಟ್ಟಿ, ಅಂದರೆ ಗಟ್ಟಿಯಾಗುವ ಲೇಪ, ಮೆತ್ತಿಸುವುದು ಹಣವನ್ನು ನೀರಿಗೆ ಹಾಕಿದಂತೆ. ಹಾಳಾದ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ಒಳಗೆ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಿ, ನೀರು ಹರಿದುಹೋಗುವ ರಂಧ್ರಗಳನ್ನು ತೆರೆದಿಡುವ ಖರ್ಚು ಮಾತ್ರ ಮಳೆಗಾಲಗಳನ್ನು ದಾಟಿ ಉಳಿಯುತ್ತದೆ.

ಬಾನೆಟ್ಟಿನದೆಂದು ತಪ್ಪಾಗಿ ತಿಳಿಯಲಾಗುವ, ಆದರೆ ಎಲ್ಲಕ್ಕಿಂತ ಮೊದಲು ಹಣ ಬೇಡುವ ಸದ್ದೂ ಒಂದಿದೆ. ಹೆರಾಲ್ಡ್ ಮತ್ತು ಸ್ಪಿಟ್‌ಫೈರ್‌ಗಳ ಮುಂಗಾಲಿಯನ್ನು ಹೊತ್ತ ಉಕ್ಕಿನ ಲಂಬ ತುಂಡಿನ ಕೆಳತುದಿ ಟ್ರನಿಯನ್ ಎಂಬ ಕಂಚಿನ ಭಾಗದೊಳಕ್ಕೆ ತಿರುಪಿನಂತೆ ಸೇರಿಕೊಂಡಿದ್ದು, ಅದಕ್ಕೆ ಗ್ರೀಸ್ ಬದಲು ಇಪಿ 90 ಗೇರ್ ಆಯಿಲನ್ನೇ ಹಾಕುತ್ತಿರಬೇಕು. ಎಣ್ಣೆ ಇಂಗಿ ನೀರು ಸೇರಿದರೆ ಉಕ್ಕು ತುಕ್ಕು ಹಿಡಿದು ಒಂದು ದಿನ ತುಂಡಾಗಿ, ಚಕ್ರವೇ ಕಾರಿನಡಿಗೆ ಮಡಚಿಕೊಳ್ಳುತ್ತದೆ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಕಾರಿನಲ್ಲಿ ಹಾಗಾದರೆ ಏನಾಗಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಟಿಯರಿಂಗ್ ತಿರುಗಿಸುವಾಗ ಅಥವಾ ಗುಂಡಿಗಿಳಿದಾಗ ಕೇಳುವ ದಪ್ಪ ಟಕ್ ಸದ್ದಿನ ಪರೀಕ್ಷೆ ಮುಗಿಯುವವರೆಗೆ ಬಾನೆಟ್ಟಿಗೆ ಒಂದು ರೂಪಾಯಿಯನ್ನೂ ಖರ್ಚುಮಾಡಬಾರದು.

ಸ್ಪಿಟ್‌ಫೈರ್ 1980ರವರೆಗೂ ತಯಾರಾದ್ದರಿಂದ ಶಂಕು, ಕೊಕ್ಕೆ, ಟ್ರನಿಯನ್‌ಗಳು ಬ್ರಿಟನ್ನಿನಲ್ಲಿ ಇಂದಿಗೂ ಹೊಸದಾಗಿ ಸಿಗುತ್ತವೆ. ಆದರೆ ಒಂದು ಸಣ್ಣ ರಬ್ಬರಿಗೆ ತಗಲುವ ಸಾಗಣೆ ಮತ್ತು ಸುಂಕ ಆ ರಬ್ಬರಿನ ಬೆಲೆಯನ್ನೇ ಮೀರುವುದರಿಂದ, ಪತ್ತೆ ಮುಗಿದ ಮೇಲೆ ಬೇಕಾದುದೆಲ್ಲವನ್ನೂ ಒಟ್ಟಿಗೆ ತರಿಸುವುದು ಮೇಲು.

ರಿಪೇರಿಯ ಬಗೆ ಕಾಗದಪತ್ರದ ಖರ್ಚಿಗೂ ತಳಕು ಹಾಕಿಕೊಂಡಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂಪಾಯಿಗೆ ಏರಿಸಿತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಗಳಿಗೆ 2021ರ ವಿಂಟೇಜ್ ನಿಯಮದ ಪ್ರಕಾರ 'ವಿಎ' ಅಕ್ಷರಗಳ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಅದರ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನವೀಕರಣಕ್ಕೆ 5,000 ರೂಪಾಯಿ. 2022ರ ಜೂನ್‌ನಿಂದ ಜಾರಿಗೆ ಬಂದ ದರದಂತೆ 1000 ಸಿಸಿ ಒಳಗಿನ ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆಗೆ, ಎಂದರೆ ಅಪಘಾತದಲ್ಲಿ ಇತರರಿಗಾಗುವ ಹಾನಿಯ ವಿಮೆಗೆ, 2,094 ರೂಪಾಯಿ ನಿಗದಿಯಾಗಿದ್ದು, ವಿಂಟೇಜ್ ಎಂದು ನೋಂದಾಯಿತವಾದ ಕಾರಿಗೆ ಅದರಲ್ಲಿ ಅರ್ಧ ರಿಯಾಯಿತಿ ಇದೆ. ಆದರೆ ವಿಂಟೇಜ್ ನೋಂದಣಿಯ ಕಾರನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಉದ್ದೇಶಗಳಿಗಲ್ಲದೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಹೊನ್ನಾವರದ ಪೇಟೆಗೆ ವಾರವಾರವೂ ಕಾರು ಒಯ್ಯುವವರಿಗೆ ಸಾಮಾನ್ಯ ನೋಂದಣಿಯೇ ಸರಿ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾದರೆ ವಿಂಟೇಜ್ ಮಾನ್ಯತೆಯೇ ಕೈತಪ್ಪುವುದರಿಂದ, ಸದ್ದು ನಿಲ್ಲಿಸುವ ನೆಪದಲ್ಲಿ ಮುಂಭಾಗವನ್ನು ಕತ್ತರಿಸಿ ಮಡ್‌ಗಾರ್ಡುಗಳನ್ನು ಚಾಸಿಗೆ ಬೆಸೆದುಬಿಡುವ ಅಗ್ಗದ ಉಪಾಯಕ್ಕೆ ಯಾವ ಮಾಲೀಕರೂ ಒಪ್ಪಬಾರದು.