ಮೆಣಸಿನಕಾಯಿಯ ಖಾರ ಎಲ್ಲಿದೆ? ‘ಸಸ್ಯಗಳಲ್ಲಿ ಸಂತಾನೋತ್ಪತ್ತಿ’ ಘಟಕದ ಒಂದು ಬೋಧನಾನುಭವ

ಏಳನೇ ತರಗತಿಯ ವಿಜ್ಞಾನದಲ್ಲಿ ‘ಸಸ್ಯಗಳಲ್ಲಿ ಸಂತಾನೋತ್ಪತ್ತಿ’ ಘಟಕ ಬಂದಾಗ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕೈಯಲ್ಲಿ ದಾಸವಾಳ ಹಿಡಿದು ತರಗತಿಗೆ ಹೋಗುತ್ತೇವೆ. ಹೂವು ದೊಡ್ಡದು, ಎಲ್ಲರ ಅಂಗಳದಲ್ಲೂ ಸಿಗುತ್ತದೆ, ಕೇಸರ ಮತ್ತು ಶಲಾಕೆ ಹಿಂದಿನ ಬೆಂಚಿಗೂ ಕಾಣುತ್ತವೆ. ಆದರೆ ನಮ್ಮ ಅಂಗಳದ ದಾಸವಾಳ ಕಾಯಿ ಕಟ್ಟುವುದು ಬಹಳ ಅಪರೂಪ. ಹೂವಿನ ಅಂಡಾಶಯವೇ ಕಾಯಿಯಾಗುತ್ತದೆ ಎಂಬುದು ಘಟಕದ ಮುಖ್ಯ ಕಲಿಕಾಂಶ. ಅದನ್ನು ಕಾಯಿ ಕಟ್ಟದ ಹೂವನ್ನು ತೋರಿಸಿ ಕಲಿಸುತ್ತಿದ್ದೇವೆ. ಮಗು ನಂಬಬೇಕಾದದ್ದು ನಮ್ಮ ಮಾತನ್ನು ಮಾತ್ರ.

ಮೂರನೇ ಸೆಮಿಸ್ಟರಿನ ಶಾಲಾ ಇಂಟರ್ನ್‌ಶಿಪ್‌ನಲ್ಲಿ ನಾನು ಈ ಘಟಕಕ್ಕೆ ಮೆಣಸಿನಗಿಡವನ್ನು ಆರಿಸಿಕೊಂಡೆ. ಅದಕ್ಕೆ ಕಾರಣ ಮನೆಯಲ್ಲೇ ಇತ್ತು. ತಲಘಟ್ಟಪುರದಲ್ಲಿ ನಮ್ಮ ಮಾವನವರು ನಿವೃತ್ತಿಯಾದ ಮೇಲೆ ಮನೆಯ ಹಿಂದಿನ ಮೂರು ಗುಂಟೆ ಕೆಂಪು ಮಣ್ಣಿನಲ್ಲಿ ಹವ್ಯಾಸಕ್ಕೆಂದು ತರಕಾರಿ ಬೆಳೆಯುತ್ತಾರೆ. ಒಂದು ಕಡೆ ಕನಕಪುರ ರಸ್ತೆ, 2021ರ ಜನವರಿಯಿಂದ ಮೆಟ್ರೋ, ಇನ್ನೊಂದು ಕಡೆ ರಾಜ್ಯ ರೇಷ್ಮೆ ಸಂಶೋಧನಾ ಸಂಸ್ಥೆ, ಸುತ್ತ ಬಡಾವಣೆಗಳು. ಈ ನಡುವೆ ಉಳಿದಿರುವ ತುಂಡು ಅದು. ನಾನು ಇಂಟರ್ನ್‌ಶಿಪ್ ಮಾಡಿದ ಶಾಲೆಯಿಂದ ಹತ್ತು ನಿಮಿಷದ ನಡಿಗೆ. ಮೆಣಸಿನಗಿಡದ ಅನುಕೂಲವೆಂದರೆ ಒಂದೇ ಗಿಡದಲ್ಲಿ ಒಂದೇ ದಿನ ಮೊಗ್ಗು, ಅರಳಿದ ಹೂವು, ದಳ ಉದುರಿ ಗುಂಡುಸೂಜಿ ತಲೆಯಷ್ಟು ಊದಿಕೊಂಡ ಅಂಡಾಶಯ, ಹಸಿರು ಕಾಯಿ, ಕೆಂಪು ಹಣ್ಣು ಎಲ್ಲವೂ ಇರುತ್ತವೆ. ಚಾರ್ಟಿನಲ್ಲಿ ಬಾಣದ ಗುರುತು ಹಾಕಿ ತೋರಿಸುವುದನ್ನು ಗಿಡ ತಾನೇ ತೋರಿಸುತ್ತದೆ.

ತೊಡಕು ಇರುವುದು ಕಾಲದಲ್ಲಿ. ನಮ್ಮ ಪಾಠಯೋಜನೆ 40 ನಿಮಿಷದ್ದು, ಗಿಡ ಕೇಳುವುದು ಐದು ತಿಂಗಳು. ಜೂನ್ ಮೊದಲ ವಾರ ಪ್ರೋಟ್ರೇಯಲ್ಲಿ ಬೀಜ ಹಾಕಿದರೆ ನಾಟಿಗೆ ಸಸಿ ಸಿದ್ಧವಾಗುವುದು ಜುಲೈ ಮಧ್ಯಕ್ಕೆ. ಆಗಸ್ಟ್ ಕೊನೆಗೆ ಹೂವು, ಸೆಪ್ಟೆಂಬರಿಗೆ ಹಸಿರು ಕಾಯಿ, ದಸರಾ ರಜೆ ಮುಗಿಯುವ ಹೊತ್ತಿಗೆ ಹಣ್ಣು. ಆದ್ದರಿಂದ ಶಾಲೆ ಹಂಚಿಕೆಯ ಪಟ್ಟಿ ಬರುವುದಕ್ಕೆ ಮೊದಲೇ ಬೀಜ ಹಾಕಬೇಕು. ಜಮೀನು ಬೇಕೆಂದೇನೂ ಇಲ್ಲ, ಶಾಲೆಯ ಕಾರಿಡಾರಿನಲ್ಲಿ ಬಿಸಿಲು ಬೀಳುವ ಕಡೆ ಆರು ಕುಂಡಗಳಿದ್ದರೂ ಆದೀತು.

ನಾವು ಮೂರು ಬಗೆ ಹಾಕಿದ್ದೆವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಲೋಹಿತ್, ಇದು ಒಳ್ಳೆಯ ಖಾರ. ಹಾವೇರಿ ಜಿಲ್ಲೆಯ ಬ್ಯಾಡಗಿ, ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದದ್ದು. ಮೂರನೆಯದು ನಾವು ಹಾಕಿದ್ದಲ್ಲ. ಬೇಲಿಯ ಪಕ್ಕ ಮಾವಿನ ಮರದಡಿ ತಾನಾಗಿ ಹುಟ್ಟಿದ ಗಾಂಧಾರಿ ಮೆಣಸು, ಕೆಲವರು ಸೂಜಿ ಮೆಣಸು ಅನ್ನುತ್ತಾರೆ. ಅದನ್ನು ಯಾರೂ ಬಿತ್ತಿರಲಿಲ್ಲ. ಈ ಗಿಡವನ್ನು ನಾನು ಕೊನೆಯ ಪಾಠಕ್ಕೆಂದು ಇಟ್ಟುಕೊಂಡೆ.

ಆಗಸ್ಟಿನಲ್ಲಿ ಮಕ್ಕಳು ಮೊದಲ ಸಲ ಬಂದಾಗ ಮಾಡಿದ ಚಟುವಟಿಕೆ ಸುಲಭದ್ದು, ಯಾರು ಬೇಕಾದರೂ ಮಾಡಬಹುದು. ಇನ್ನೂ ಅರಳದ ಮೊಗ್ಗುಗಳಿಗೆ ತೆಳು ಬಟ್ಟೆಯ ಪುಟ್ಟ ಚೀಲ ಕಟ್ಟಿ, ತೊಟ್ಟಿಗೆ ಬಣ್ಣದ ದಾರ ಹಾಕಿದೆವು. ಪಕ್ಕದಲ್ಲಿ ಅಷ್ಟೇ ಮೊಗ್ಗುಗಳಿಗೆ ದಾರ ಮಾತ್ರ. ಜೇನುನೊಣ ಬರದಿದ್ದರೆ ಕಾಯಿಯಿಲ್ಲ ಎಂದು ಮಕ್ಕಳು ಖಚಿತವಾಗಿ ಹೇಳಿದ್ದರು. ಪರಾಗಸ್ಪರ್ಶದ ಪಾಠದಲ್ಲಿ ಜೇನುನೊಣದ ಚಿತ್ರ ಅಷ್ಟು ದೊಡ್ಡದಾಗಿರುತ್ತದೆ. ಎರಡು ವಾರದ ನಂತರ ಚೀಲ ಬಿಚ್ಚಿದಾಗ ಒಳಗೂ ಎಳೆಗಾಯಿಗಳಿದ್ದವು. ಸ್ವಕೀಯ ಪರಾಗಸ್ಪರ್ಶ ಎಂಬ ಪದವನ್ನು ನಾನು ಆಗ ಹೇಳಿದೆ, ಅದಕ್ಕೆ ಮೊದಲು ಅಲ್ಲ. ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ಜೇನುನೊಣ ಬಂದರೆ ಪಕ್ಕದ ಗಿಡದ ಪರಾಗವೂ ಸೇರಬಹುದು. ಹಾಗಾಗಿಯೇ ಬ್ಯಾಡಗಿ ಪಕ್ಕ ಲೋಹಿತ್ ಬೆಳೆದು ಬೀಜ ಇಟ್ಟುಕೊಂಡರೆ ಮುಂದಿನ ವರ್ಷ ಬ್ಯಾಡಗಿಯೇ ಬರುತ್ತದೆಂಬ ಭರವಸೆ ಇಲ್ಲ. ಇದನ್ನು ಮಾವನವರೇ ಮಕ್ಕಳಿಗೆ ಹೇಳಿದರು, ನನಗಿಂತ ಚೆನ್ನಾಗಿ.

ಸೆಪ್ಟೆಂಬರಿನಲ್ಲಿ ಎಲೆ ಮುಟುರಿಕೊಳ್ಳತೊಡಗಿತು. ಮೆಣಸಿನಕಾಯಿ ಬೆಳೆಯುವ ಎಲ್ಲರಿಗೂ ಈ ಮುಟುರು ರೋಗದ ಗುರುತಿದೆ. ಪರಿಚಯದವರೊಬ್ಬರು ಕಡು ವಿಷದ ಒಂದು ಔಷಧಿ ಹೆಸರಿಸಿ, ಹೊಡೆದರೆ ಮೂರೇ ದಿನದಲ್ಲಿ ಸರಿಹೋಗುತ್ತದೆ ಅಂದರು. ಹೊಡೆದರೆ ಮಕ್ಕಳನ್ನು ತೋಟಕ್ಕೆ ಕರೆತರುವಂತಿಲ್ಲ, ಹೊಡೆಯದಿದ್ದರೆ ಅಕ್ಟೋಬರಿಗೆ ಗಿಡವೇ ಇರುವುದಿಲ್ಲವೇನೋ. ಮಾವ ಹೇಳಿದ್ದು ಇಷ್ಟು: “ನೋಡಮ್ಮ, ಮೊದಲು ಎಲೆ ಯಾವ ಕಡೆ ಮಡಚಿದೆ ನೋಡು.” ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ. ಮರುದಿನ ಮಕ್ಕಳಿಗೆ ಅದೇ ಕೆಲಸ ಕೊಟ್ಟೆ. ಚಿಗುರನ್ನು ಕಪ್ಪು ಹಾಳೆಯ ಮೇಲೆ ಕೊಡವಿ, ಭೂತಗನ್ನಡಿಯಲ್ಲಿ ನೋಡಿದರು. ಅಂಚು ಮೇಲಕ್ಕೆ ಮಡಚಿತ್ತು, ಹಾಳೆಯ ಮೇಲೆ ಕಡ್ಡಿಚೂರಿನಂಥ ಸಣ್ಣ ಹುಳುಗಳು ಓಡಾಡುತ್ತಿದ್ದವು. ತೀರಾ ಮುರುಟಿದ್ದ ನಾಲ್ಕು ಗಿಡ ಕಿತ್ತು ಹಾಕಿ, ಉಳಿದವಕ್ಕೆ ಸ್ವಲ್ಪ ಸೋಪು ಬೆರೆಸಿದ ಬೇವಿನ ಎಣ್ಣೆಯ ದ್ರಾವಣವನ್ನು ಸಂಜೆ ಹೊತ್ತು ಸಿಂಪಡಿಸಿ, ಸಾಲಿನ ನಡುವೆ ನೀಲಿ ಅಂಟುಹಾಳೆ ಕಟ್ಟಿದೆವು. ಎಲ್ಲ ಗಿಡ ಉಳಿಯಲಿಲ್ಲ, ಪಾಠಕ್ಕೆ ಬೇಕಾದಷ್ಟು ಉಳಿದವು. ಈ ವಾರದ ಕೆಲಸ ಯಾವ ಪಾಠಯೋಜನೆಯಲ್ಲೂ ಇರಲಿಲ್ಲ.

ಅಕ್ಟೋಬರಿನಲ್ಲಿ ಘಟಕದ ಪಾಠಗಳು ಶುರುವಾದವು. ಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ ತೋರಿಸಿ ಒಂದೇ ಪ್ರಶ್ನೆ ಕೇಳಿದೆ: ಖಾರ ಎಲ್ಲಿದೆ? ತರಗತಿಗೆ ತರಗತಿಯೇ “ಬೀಜದಲ್ಲಿ ಮಿಸ್” ಅಂದಿತು. ನಮ್ಮ ಮನೆಗಳಲ್ಲೂ ಖಾರ ಕಡಿಮೆ ಮಾಡಲು ಬೀಜ ಕೊಡವುತ್ತಾರಲ್ಲ, ಅದೇ ಸಾಕ್ಷಿ. ಸರಿ ಉತ್ತರ ಹೇಳಿಬಿಡುವುದು ಎರಡು ನಿಮಿಷದ ಕೆಲಸ. ಬದಲಿಗೆ, ಪರೀಕ್ಷಿಸುವುದು ಹೇಗೆ ಎಂದು ಕೇಳಿದೆ. ನಿಬಂಧನೆ ಒಂದೇ, ಯಾವ ಮಗುವೂ ಬಾಯಿಗೆ ಹಾಕುವಂತಿಲ್ಲ. ತಿನ್ನುವವರು ನಾನು ಮತ್ತು ನನ್ನ ಇಬ್ಬರು ಸಹಪ್ರಶಿಕ್ಷಣಾರ್ಥಿಗಳು; ಪ್ರಯೋಗ ಮಾಡುವವರು ಮಕ್ಕಳು. ಇದು ಗೊತ್ತಾದ ಕ್ಷಣದಿಂದ ತರಗತಿಯ ಉತ್ಸಾಹ ಹೇಗಿತ್ತೆಂದು ವಿವರಿಸಬೇಕಿಲ್ಲ.

ನಾನು ವಿಸ್ತಾರವಾಗಿ ಬರೆಯಬೇಕೆಂದಿದ್ದದ್ದು ಮುಂದಿನ ಅವಧಿಯನ್ನು. ಮೂರು ಭಾಗ: ತುದಿಯ ಸಿಪ್ಪೆ, ಬೀಜ, ಬೀಜ ಅಂಟಿಕೊಂಡಿರುವ ಬಿಳಿ ತಿರುಳು. ನಮ್ಮ ಕಣ್ಣಿಗೆ ಬಟ್ಟೆ ಕಟ್ಟಬೇಕೆಂದು ಒಬ್ಬ ಹೇಳಿದ. “ಬೀಜ ನಾಲಗೆಗೆ ಗೊತ್ತಾಗುತ್ತಲ್ಲ” ಎಂದು ಇನ್ನೊಬ್ಬಳು. ಹಾಗಾಗಿ ಅಕ್ಕಿಕಾಳಿನಷ್ಟು ಚೂರನ್ನು ಒಂದೊಂದು ಚಮಚ ಅನ್ನದ ಜೊತೆ ಅರೆಯಬೇಕು. ಒಂದೇ ಕುಟ್ಟಾಣಿಯಲ್ಲಿ ಅರೆದರೆ ಒಂದರ ಖಾರ ಇನ್ನೊಂದಕ್ಕೆ ಹತ್ತುತ್ತದೆ. ಬೇರೆ ಬೇರೆ ಬಟ್ಟಲು, ಬೇರೆ ಚಮಚ. ಆಮೇಲೆ ಒಬ್ಬ ಹುಡುಗ ಹೇಳಿದ ಮಾತು ನನ್ನ ದಿನಚರಿಯಲ್ಲಿ ಹಾಗೇ ಇದೆ: “ಮೊದಲೇ ಜಾಸ್ತಿ ಖಾರ ತಿಂದ್ರೆ ಆಮೇಲೆ ಅನ್ನ ಕೊಟ್ರೂ ಖಾರಾನೇ ಅನ್ಸುತ್ತೆ ಮಿಸ್.” ಆದ್ದರಿಂದ ಮೂವರಿಗೂ ಬೇರೆ ಬೇರೆ ಕ್ರಮದಲ್ಲಿ ಕೊಡುವುದೆಂದಾಯಿತು. ಚರಾಂಶಗಳ ನಿಯಂತ್ರಣ ಎಂಬ ಪದಪುಂಜವನ್ನು ಆ ದಿನ ಯಾರೂ ಬಳಸಲಿಲ್ಲ.

ತರಗತಿಯ ವಿಜ್ಞಾನ ಶಿಕ್ಷಕಿ ಕೈಗವಸು ಹಾಕಿ ಅರೆದುಕೊಟ್ಟರು. ಯಾವ ಬಟ್ಟಲಲ್ಲಿ ಏನಿದೆಯೆಂದು ಅವರಿಗೂ ಇಬ್ಬರು ಮಕ್ಕಳಿಗೂ ಮಾತ್ರ ಗೊತ್ತಿತ್ತು. ನಾವು ಮೂವರೂ, ಯಾವ ಕ್ರಮದಲ್ಲಿ ತಿಂದರೂ, ಒಂದೇ ಬಟ್ಟಲಿಗೆ ಹೆಚ್ಚು ಅಂಕ ಕೊಟ್ಟೆವು. ಅದು ಬಿಳಿ ತಿರುಳು. ಬೀಜದ ಬಟ್ಟಲಿನಲ್ಲಿ ಸ್ವಲ್ಪ ಖಾರವಿತ್ತು, ತುದಿಯ ಸಿಪ್ಪೆಯಲ್ಲಿ ಅದಕ್ಕಿಂತ ಕಡಿಮೆ. ಬೀಜದಲ್ಲಿ ಇರುವುದಾದರೂ ಹೇಗೆ ಎಂದು ಕೇಳಿದಾಗ, ತಿರುಳಿಗೆ ಅಂಟಿಕೊಂಡಿದ್ದಕ್ಕೆ ಹತ್ತಿದೆ ಎಂಬ ಉತ್ತರ ಮಕ್ಕಳಿಂದಲೇ ಬಂತು. ಕ್ಯಾಪ್ಸೈಸಿನ್ ಎಂಬ ಖಾರದ ರಾಸಾಯನಿಕ ತಯಾರಾಗುವುದು ಆ ತಿರುಳಿನಲ್ಲೇ. ಮನೆಯಲ್ಲಿ ಬೀಜ ಕೊಡವಿದರೆ ಖಾರ ಕಡಿಮೆಯಾಗುವುದೂ ಸುಳ್ಳಲ್ಲ. ಬೀಜದ ಜೊತೆ ತಿರುಳೂ ಹೋಗುತ್ತದೆ. ಅಮ್ಮಂದಿರ ಅಡುಗೆಯ ಅನುಭವವನ್ನು ತಳ್ಳಿಹಾಕದೆ ಅದರ ಕಾರಣವನ್ನಷ್ಟೇ ತಿದ್ದಲು ಸಾಧ್ಯವಾದದ್ದು ನನಗೆ ಸಮಾಧಾನ ತಂದಿತು.

ನಾವು ಮೂವರೂ ಹಾ ಹೂ ಎನ್ನುತ್ತ ನೀರಿನ ಲೋಟಕ್ಕೆ ಕೈಚಾಚಿದಾಗ ಹಿಂದಿನ ಸಾಲಿನಿಂದ ಒಂದು ದನಿ ಬಂತು: “ನೀರು ಕುಡೀಬ್ಯಾಡ್ರಿ, ಮಜ್ಜಿಗಿ ಕುಡೀರಿ.” ಆ ಹುಡುಗಿ ಮೂರು ತಿಂಗಳಲ್ಲಿ ತರಗತಿಯಲ್ಲಿ ತಾನಾಗಿ ಮಾತಾಡಿದ್ದು ಅದೇ ಮೊದಲು. ಹಾವೇರಿ ಕಡೆಯ ಕುಟುಂಬ, ತಂದೆ ತಾಯಿ ಇಲ್ಲಿನ ಕಟ್ಟಡದ ಕೆಲಸಕ್ಕೆ ಬಂದವರು. ಅವಳ ಭಾಷೆ ಕೇಳಿ ಉಳಿದವರು ನಗುತ್ತಿದ್ದರೆಂದು ಆಮೇಲೆ ತಿಳಿಯಿತು. ಅವಳ ತಾಯಿ ಮೊದಲು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಕೈ ಉರಿದರೆ ಮೊದಲು ಎಣ್ಣೆ ಸವರಿ, ಆಮೇಲೆ ಸೋಪಿನಲ್ಲಿ ತೊಳೆಯಬೇಕು, ಬರೀ ನೀರು ಹಾಕಿದರೆ ಉರಿ ಹೋಗುವುದಿಲ್ಲ ಎಂದು ಅವಳು ಹೇಳಿದಳು. ನನ್ನ ಪಾಠಯೋಜನೆಯ ‘ವಿಸ್ತರಣೆ’ ಹಂತದಲ್ಲಿ ನಾನು ಬರೆದುಕೊಂಡಿದ್ದು ಅದನ್ನೇ: ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ ಎನ್ನುವಷ್ಟು ಕಡಿಮೆ, ಕೊಬ್ಬಿನಲ್ಲಿ ಕರಗುತ್ತದೆ, ಹಾಲು ಮಜ್ಜಿಗೆಯ ಪ್ರೋಟೀನ್ ಅದನ್ನು ನಾಲಗೆಯಿಂದ ಬಿಡಿಸುತ್ತದೆ. ಕರಿಹಲಗೆಯ ಮುಂದೆ ನಿಂತು ಅವಳೇ ಹೇಳಲಿ ಎಂದು ಸೀಮೆಸುಣ್ಣ ಕೊಟ್ಟು ನಾನು ಬೆಂಚಿನಲ್ಲಿ ಕುಳಿತೆ. ತೋಟದ ಬ್ಯಾಡಗಿ ಕಾಯಿಯನ್ನು ಸುಕ್ಕಿನಿಂದಲೇ ಗುರುತಿಸುವುದು ಹೇಗೆಂದು ಕೂಡ ತೋರಿಸಿದಳು.

ಅಂದು ಪಾಠ ವೀಕ್ಷಿಸಿದ ಮಾರ್ಗದರ್ಶಕರು ವೀಕ್ಷಣಾ ನಮೂನೆಯಲ್ಲಿ ‘ವಿಷಯಾಂತರ, ಸಮಯಪಾಲನೆ ಸಾಲದು’ ಎಂದು ಬರೆದರು. ಎರಡನೆಯದು ನಿಜ, ಗಂಟೆ ಹೊಡೆದಾಗ ‘ಮೌಲ್ಯಮಾಪನ’ ಹಂತ ಬಾಕಿ ಇತ್ತು. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಖಾರ ಎಲ್ಲಿದೆ ಎಂಬ ಪ್ರಶ್ನೆ ನೇರವಾಗಿ ಬೀಜ ಪ್ರಸಾರಕ್ಕೆ ಹೋಗುತ್ತದೆ, ಅದು ಪಠ್ಯದಲ್ಲೇ ಇರುವ ಅಂಶ. ವಿದ್ಯಾರ್ಥಿ ಮನೆಯಿಂದ ತಂದ ತಿಳಿವಳಿಕೆಯನ್ನು ಶಿಕ್ಷಕ ಬಳಸಿಕೊಂಡನೇ ಎಂದು ಕೇಳುವ ಕಲಂ ನಮ್ಮ ನಮೂನೆಯಲ್ಲಿ ಇಲ್ಲ. ಶಿಕ್ಷಕ-ಶಿಕ್ಷಣದಲ್ಲಿರುವ ಹಿರಿಯರು ಇದನ್ನು ಯೋಚಿಸಬೇಕೆಂದು ಕೋರುತ್ತೇನೆ.

ಮುಂದಿನ ಪಾಠ ಗಾಂಧಾರಿ ಗಿಡದ ಬಳಿಯೇ ನಡೆಯಿತು. ಇದನ್ನು ಇಲ್ಲಿ ಬಿತ್ತಿದವರು ಯಾರು? ಮಕ್ಕಳು ಮೇಲೆ ನೋಡಿದರು. ಮಾವಿನ ಕೊಂಬೆಯಲ್ಲಿ ಪಿಕಳಾರಗಳಿದ್ದವು. ಬ್ಯಾಡಗಿ ಕಾಯಿ ಕೆಳಕ್ಕೆ ಜೋತುಬೀಳುತ್ತದೆ, ಗಾಂಧಾರಿ ಆಕಾಶಕ್ಕೆ ಮುಖಮಾಡಿ ನಿಲ್ಲುತ್ತದೆ, ಹಣ್ಣಾದರೆ ತೊಟ್ಟಿನಿಂದ ಸುಲಭವಾಗಿ ಕಳಚುತ್ತದೆ. ಕೊಕ್ಕಿಗೆ ಅನುಕೂಲ. ಹಕ್ಕಿಗೆ ಖಾರ ಹತ್ತುವುದಿಲ್ಲವೇ ಎಂಬ ಪ್ರಶ್ನೆ ತಕ್ಷಣ ಬಂತು. ಖಾರ ನಿಜಕ್ಕೂ ರುಚಿಯಲ್ಲ, ಉರಿ. ಬಿಸಿ ತಾಗಿದಾಗ ಎಚ್ಚರಗೊಳ್ಳುವ ನರದ ಗ್ರಾಹಕವನ್ನೇ ಕ್ಯಾಪ್ಸೈಸಿನ್ ಕೆರಳಿಸುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಕೆಂಡಕ್ಕೂ ಮೆಣಸಿನಕಾಯಿಗೂ ಕನ್ನಡದಲ್ಲಿ ‘ಉರಿ’ ಎಂಬ ಒಂದೇ ಮಾತಿದೆ ಎಂದಾಗ ಮಕ್ಕಳಿಗೆ ಖುಷಿಯಾಯಿತು. ಹಕ್ಕಿಯ ಗ್ರಾಹಕಕ್ಕೆ ಕ್ಯಾಪ್ಸೈಸಿನ್ ನಾಟುವುದಿಲ್ಲ. ಅಮೆರಿಕದ ಅರಿಜೋನಾದ ಕಾಡುಮೆಣಸಿನ ಮೇಲೆ ಟ್ಯೂಕ್ಸ್‌ಬರಿ ಮತ್ತು ನಭನ್ 2001ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಕತೆಯಂತೆ ಹೇಳಿದೆ: ಹಕ್ಕಿಯ ಹೊಟ್ಟೆಯಿಂದ ಬಂದ ಬೀಜ ಮೊಳೆಯಿತು, ದಂಶಕಗಳು ತಿಂದ ಬೀಜ ಮೊಳೆಯಲಿಲ್ಲ. ಖಾರವು ಅಗಿಯುವ ಪ್ರಾಣಿಯನ್ನು ದೂರವಿಟ್ಟು ನುಂಗುವ ಹಕ್ಕಿಗೆ ಹಣ್ಣನ್ನು ಉಳಿಸುತ್ತದೆ.

“ಹಾಗಾದ್ರೆ ನಾವು ಯಾಕೆ ತಿಂತೀವಿ ಮಿಸ್?” ಇದಕ್ಕೆ ಸಮಾಜ ವಿಜ್ಞಾನದ ಸಹಪಾಠಿಯ ನೆರವು ಬೇಕಾಯಿತು. ಪೋರ್ಚುಗೀಸರು 16ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಇದನ್ನು ತರುವವರೆಗೆ ನಮ್ಮ ಸಾರಿಗೆ ಖಾರ ಕೊಡುತ್ತಿದ್ದದ್ದು ಕಾಳುಮೆಣಸು. ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರೇ ಅಂಟಿ ಮೆಣಸಿನಕಾಯಿ ಆಯಿತು.

ಘಟಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ‘ಬೇಲಿಯ ಬಳಿ ಯಾರೂ ಬಿತ್ತದ ಮೆಣಸಿನಗಿಡ ಹುಟ್ಟಿದೆ. ಹಕ್ಕಿಯೇ ಬಿತ್ತಿದ್ದು ಎಂದು ತೋರಿಸಲು ನೀನು ಏನು ಮಾಡುವೆ?’ ಹಕ್ಕಿ ತಿನ್ನುವುದನ್ನು ನೋಡುತ್ತೇನೆ ಎಂದು ಬಹಳ ಮಕ್ಕಳು ಬರೆದರು. ಹಾವೇರಿಯ ಹುಡುಗಿ ಬರೆದದ್ದು: ಮರದ ಕೆಳಗೆ ಹಳೆ ಸೀರೆ ಹಾಸಿ, ಬಿದ್ದ ಹಿಕ್ಕೆ ಕೂಡಿಸಿ, ಒಂದು ಕುಂಡದಲ್ಲಿ ಹಿಕ್ಕೆ, ಇನ್ನೊಂದು ಕುಂಡದಲ್ಲಿ ಬರಿ ಮಣ್ಣು ಹಾಕಿ ಎರಡಕ್ಕೂ ನೀರು ಹಾಕುತ್ತೇನೆ. ಈಗ ನಮ್ಮ ಮಾವಿನ ಮರದ ಕೆಳಗೆ ಅತ್ತೆಯವರ ಹಳೆಯ ಸೀರೆಯೊಂದು ಹಾಸಿದೆ.